ಕುಂಡದಲ್ಲಿ ಉಳಿಯುವ ಉಪ್ಪು: ಸಕ್ಯುಲೆಂಟ್‌ಗಳಿಗೆ ಯಾವ ನೀರು?

ಬೆಂಗಳೂರಿನ ಸಾಧಾರಣ ಅಪಾರ್ಟ್‌ಮೆಂಟ್ ಒಂದರಲ್ಲಿ ಇವತ್ತು ಆರೇಳು ಬಗೆಯ ನೀರು ಹರಿಯುತ್ತದೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ಕಟ್ಟಡದ ಬೋರ್ ನೀರು, ಬೇಸಿಗೆಯಲ್ಲಿ ಊರಾಚೆಯಿಂದ ಬರುವ ಟ್ಯಾಂಕರ್ ನೀರು, ಬೋರ್ ನೀರನ್ನೇ ಸಾಫ್ಟ್‌ನರ್‌ಗೆ ಹಾಯಿಸಿ ನಲ್ಲಿಗೆ ಬಿಟ್ಟ ನೀರು, ಅಡುಗೆಮನೆಯ ಆರ್‌ಒ ಯಂತ್ರ ಕುಡಿಯಲು ಕೊಡುವ ನೀರು, ಅದೇ ಯಂತ್ರ ಹೊರಗೆ ಬಿಡುವ ನೀರು, ಕೊಳಚೆಯನ್ನು ಶುದ್ಧೀಕರಿಸಿ ತೋಟಕ್ಕೆ ಬಿಡುವ ನೀರು. ಬಾಲ್ಕನಿಯ ಕಟ್ಟೆಯ ಮೇಲೆ ಎಚೆವೇರಿಯಾ, ಹಾವರ್ಥಿಯಾ, ಜೇಡ್ ಗಿಡ, ಅಂಗೈಯಲ್ಲಿ ಹಿಡಿಸುವ ಕಳ್ಳಿಗಳನ್ನು ಸಾಲಾಗಿ ಇಟ್ಟವರು ಇವುಗಳಲ್ಲಿ ಯಾವುದನ್ನು ಹಾಕಬೇಕು? ಈ ಪ್ರಶ್ನೆಗೆ ನರ್ಸರಿಗಳಲ್ಲಿ, ಗಿಡಪ್ರಿಯರ ಕೂಟಗಳಲ್ಲಿ ಸಿಗುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಳ್ಳಿಗೆ ಯಾವ ನೀರಾದರೇನು ಎನ್ನುವವರಿದ್ದಾರೆ. ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟು ಹಾಕಿ ಎನ್ನುವವರಿದ್ದಾರೆ. ನಿಂಬೆರಸ ಬೆರೆಸಿ, ಅಕ್ಕಿ ತೊಳೆದ ನೀರು ಹಾಕಿ, ಆರ್‌ಒ ನೀರನ್ನೇ ಹಾಕಿ ಎನ್ನುವವರೂ ಇದ್ದಾರೆ. ಈ ಎಲ್ಲ ಸಲಹೆಗಳನ್ನೂ ತೂಗಿ ನೋಡಲು ಒಂದು ಅಳತೆಗೋಲು ಬೇಕು. ಹಾಕುವ ನೀರು ಎಷ್ಟು ಶುದ್ಧ ಎಂದು ಕೇಳುವುದಕ್ಕಿಂತ, ಆ ನೀರು ಆರಿಹೋದ ಮೇಲೆ ಕುಂಡದಲ್ಲಿ ಏನನ್ನು ಬಿಟ್ಟುಹೋಗುತ್ತದೆ, ವರ್ಷಗಳು ಕಳೆದಂತೆ ಅದು ಎಷ್ಟಾಗಿ ಬೆಳೆಯುತ್ತದೆ ಎಂದು ಕೇಳುವುದೇ ಆ ಅಳತೆಗೋಲು ಎಂಬುದು ಈ ಲೇಖನದ ವಾದ.

ಮಣ್ಣಿಗೆ ಬಿದ್ದ ನೀರಿನಲ್ಲಿ ಒಂದಷ್ಟನ್ನು ಬೇರು ಹೀರುತ್ತದೆ, ಒಂದಷ್ಟು ಆವಿಯಾಗುತ್ತದೆ. ಎರಡರಲ್ಲೂ ಕರಗಿದ ಲವಣದ ಹೆಚ್ಚಿನ ಪಾಲು ಹಿಂದೆಯೇ ಉಳಿಯುತ್ತದೆ. ಹೊಲದಲ್ಲಿ, ತೋಟದ ಪಾತಿಯಲ್ಲಿ ಮಳೆಗಾಲದ ನೀರು ಅದನ್ನು ಬೇರಿನ ಆಳಕ್ಕಿಂತ ಕೆಳಕ್ಕೆ ತಳ್ಳುತ್ತದೆ. ಕುಂಡಕ್ಕೆ ಆಳವಿಲ್ಲ. ನೀರಾವರಿ ನೀರಿನ ಗುಣಮಟ್ಟದ ಬಗ್ಗೆ ಇಂದಿಗೂ ಎಲ್ಲರೂ ಆಧಾರವಾಗಿಟ್ಟುಕೊಳ್ಳುವ ಕೈಪಿಡಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಏಯರ್ಸ್ ಮತ್ತು ವೆಸ್ಟ್‌ಕಾಟ್ ಬರೆದದ್ದು. 1976ರಲ್ಲಿ ಬಂದು 1985ರಲ್ಲಿ ಪರಿಷ್ಕಾರಗೊಂಡಿತು. ಲೀಟರಿಗೆ 450 ಮಿಲಿಗ್ರಾಂವರೆಗೆ ಕರಗಿದ ಲವಣವಿರುವ ನೀರನ್ನು ನಿರಾತಂಕವಾಗಿ ಬಳಸಬಹುದು, 450ರಿಂದ 2000ದವರೆಗೆ ಎಚ್ಚರ ಬೇಕು, ಅದಕ್ಕೂ ಮೇಲೆ ತೀವ್ರ ನಿರ್ಬಂಧ ಎಂದು ಅದು ಹೇಳುತ್ತದೆ. ಆದರೆ ಈ ಮಿತಿಗಳ ಹಿಂದೆ ಒಂದು ಷರತ್ತಿದೆ: ಕೊಟ್ಟ ನೀರಿನಲ್ಲಿ ಶೇಕಡ 15ರಷ್ಟಾದರೂ ಬೇರಿನ ವಲಯವನ್ನು ದಾಟಿ ಕೆಳಗೆ ಹರಿದುಹೋಗುತ್ತಿರಬೇಕು. ಸಕ್ಯುಲೆಂಟ್ ಬೆಳೆಸುವವರು ಮಾಡುವುದು ಇದಕ್ಕೆ ತೀರಾ ವಿರುದ್ಧ. ಕೊಳೆಯುತ್ತದೆಂಬ ಭಯದಿಂದ ಅಳೆದು ಅಳೆದು ಹಾಕುತ್ತಾರೆ. ಕುಂಡದ ತಳದಿಂದ ಒಂದು ಹನಿಯೂ ಹೊರಬರದಂತೆ ನೋಡಿಕೊಳ್ಳುತ್ತಾರೆ. ಹೀಗಾಗಿ ಗುಲಾಬಿಗೆ, ದಾಸವಾಳಕ್ಕೆ ತೊಂದರೆ ಕೊಡದ ನೀರೇ ಇಲ್ಲಿ ನಿಧಾನವಾಗಿ ವಿಷವಾಗಬಲ್ಲದು.

ಉಳಿಯುವ ವಸ್ತುಗಳಲ್ಲಿ ಎರಡನ್ನು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದು ಸುಣ್ಣ. ನಮ್ಮ ಹಳ್ಳಿಗಳಲ್ಲಿ ಗಡಸು ನೀರನ್ನು ‘ಬೇಳೆ ಬೇಯದ ನೀರು’ ಎಂದು ಗುರುತಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ಮನೆಪರೀಕ್ಷೆ ಇಲ್ಲ. ನೀರಿನ ಕ್ಯಾಲ್ಸಿಯಂ ಬೇಳೆಯ ಸಿಪ್ಪೆ ಮತ್ತು ತಿರುಳನ್ನು ಬಿಗಿಮಾಡುತ್ತದೆ. ಅದೇ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಕೂಡ ಹೇರಳವಾಗಿರುತ್ತದೆ. ಅದರ ಪ್ರಮಾಣಕ್ಕೆ ಕ್ಷಾರತೆ ಎಂದು ಹೆಸರು. ನೀರು ಆರಿದಾಗ ಇವೆರಡೂ ಸೇರಿ ಸುಣ್ಣಕಲ್ಲಿನ ಪುಡಿಯಾಗಿ ಕೂರುತ್ತವೆ. ಗೀಸರ್ ಕಾಯಿಲ್‌ಗೆ, ಬಿಸಿನೀರಿನ ಹಂಡೆಗೆ ಕಟ್ಟುವ ಬಿಳಿ ಪದರ ಇದೇ. ಒಂದು ಸಣ್ಣ ಲೆಕ್ಕ ಹಾಕೋಣ. ಬೋರ್ ನೀರಿನ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಬಯಲುಸೀಮೆಯಲ್ಲಿ ಇದು ಅಪರೂಪದ ಸಂಖ್ಯೆಯೇನಲ್ಲ. ನಾಲ್ಕು ಇಂಚಿನ ಕುಂಡಕ್ಕೆ ಸಲಕ್ಕೆ 150 ಮಿಲಿಲೀಟರಿನಂತೆ ವರ್ಷಕ್ಕೆ 40 ಸಲ ಹಾಕಿದರೆ 6 ಲೀಟರ್. ಏನೂ ಕೆಳಗೆ ಹರಿಯದಿದ್ದರೆ ವರ್ಷಾಂತ್ಯಕ್ಕೆ ಕುಂಡದಲ್ಲಿ 1.8 ಗ್ರಾಂ ಸುಣ್ಣ. ಕೇಳಲು ಚಿಟಿಕೆಯಷ್ಟು. ಆದರೆ ಆ ಕುಂಡ ಹಿಡಿಸುವುದೇ ಅರ್ಧ ಲೀಟರಿಗೂ ಕಡಿಮೆ ಮಿಶ್ರಣ. ತೀರಾ ಹುಳಿಯಾದ ಪೀಟ್ ಮಣ್ಣನ್ನು ಗಿಡಕ್ಕೆ ಯೋಗ್ಯವಾಗುವಷ್ಟು ಏರಿಸಲು ಹಸಿರುಮನೆಯವರು ಲೀಟರ್ ಮಿಶ್ರಣಕ್ಕೆ ಬೆರೆಸುವ ಸುಣ್ಣದ ಪುಡಿ 3ರಿಂದ 6 ಗ್ರಾಂ. ಅಂದರೆ ನಮ್ಮ ಬೋರ್ ನೀರು, ಯಾರೂ ಕೇಳದೆಯೇ, ವರ್ಷಕ್ಕೊಮ್ಮೆ ಪೂರ್ತಿ ಒಂದು ಪಾಲು ಸುಣ್ಣವನ್ನು ಕುಂಡಕ್ಕೆ ಹಾಕುತ್ತಿದೆ. ಮೂರು ವರ್ಷ ಕುಂಡ ಬದಲಿಸದಿದ್ದರೆ ಮೂರು ಪಾಲು. ಮಿಶ್ರಣದ ಪಿಎಚ್ 8ರ ಕಡೆಗೆ ಏರಿದಂತೆ ಕಬ್ಬಿಣ, ಮ್ಯಾಂಗನೀಸ್, ಸತು ಎಲ್ಲ ಮಣ್ಣಿನಲ್ಲಿದ್ದೂ ಬೇರಿಗೆ ಸಿಗದಂತಾಗುತ್ತವೆ. ಸುಳಿಯ ಎಲೆಗಳು ಪೇಲವವಾಗುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಗಿಡ ಸಾಯುವುದಿಲ್ಲ, ಆದರೆ ನಳನಳಿಸುವುದೂ ಇಲ್ಲ.

ಎರಡನೆಯದು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಾವು ನಾಲಿಗೆಯಿಂದಲೇ ಗುರುತಿಸುವ ಉಪ್ಪು. ಇಲ್ಲಿ ಒಂದು ಬಲವಾದ ತಪ್ಪುಕಲ್ಪನೆ ಇದೆ. ಬರವನ್ನು ತಾಳುವ ಗಿಡ ಉಪ್ಪನ್ನೂ ತಾಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮರುಭೂಮಿಯ ಕತ್ತಾಳೆ ಮತ್ತು ಕಳ್ಳಿಗಳ ನೀರಿನ ವ್ಯವಹಾರವನ್ನು ದಶಕಗಳ ಕಾಲ ಅಳೆದ ಕ್ಯಾಲಿಫೋರ್ನಿಯಾದ ಸಸ್ಯಶರೀರವಿಜ್ಞಾನಿ ಪಾರ್ಕ್ ನೋಬೆಲ್ ಅವರ ಕೆಲಸ ಬೇರೆಯದನ್ನೇ ತೋರಿಸುತ್ತದೆ. ಈ ಗಿಡಗಳ ಜೀವಕೋಶದ ರಸ ತೆಳುವಾದದ್ದು. ಒಣಮಣ್ಣಿನಿಂದ ಕೊನೆಯ ಹನಿಯನ್ನು ಹಿಂಡಿ ತೆಗೆಯುವ ಬಲ ಅವಕ್ಕಿಲ್ಲ. ಅವು ಬದುಕುವ ಬಗೆ ಬೇರೆ: ಮಳೆ ಬಂದ ಕೂಡಲೇ ಸರಸರನೆ ಕುಡಿದು ಒಡಲಲ್ಲಿ ತುಂಬಿಕೊಳ್ಳುವುದು, ಮಣ್ಣು ಒಣಗಿದಾಗ ಬೇರನ್ನು ಕುಗ್ಗಿಸಿಕೊಂಡು ಮಣ್ಣಿನ ಸಂಪರ್ಕ ಕಡಿದು ಕೂರುವುದು, ಹಗಲು ಪತ್ರರಂಧ್ರ ಮುಚ್ಚಿ ರಾತ್ರಿಯಷ್ಟೇ ತೆರೆಯುವುದು. ರಸ ತೆಳುವಾಗಿರುವ ಗಿಡಕ್ಕೆ ಮಣ್ಣಿನ ನೀರು ಸ್ವಲ್ಪ ಉಪ್ಪಾದರೂ ಎಳೆದುಕೊಳ್ಳುವುದು ಕಷ್ಟ. ಇದರ ಮೇಲೆ ಕುಂಡ ಒಣಗುವ ಪ್ರತಿ ಹಂತದಲ್ಲೂ ಉಪ್ಪು ಸಾಂದ್ರವಾಗುತ್ತ ಹೋಗುತ್ತದೆ. ತೇವ ಅರ್ಧಕ್ಕಿಳಿದರೆ ಉಪ್ಪಿನ ಬಲ ಎರಡು ಪಟ್ಟು, ಕಾಲಿಗಿಳಿದರೆ ನಾಲ್ಕು ಪಟ್ಟು. ಪೂರ್ತಿ ಒಣಗಿಸಿ ಮತ್ತೆ ನೀರು ಹಾಕಿ ಎಂಬುದು ಸಕ್ಯುಲೆಂಟ್ ಸಾಕುವ ಮೊದಲ ಪಾಠವೇ ಆಗಿರುವುದರಿಂದ, ಈ ಗಿಡಗಳು ಪ್ರತಿ ಸುತ್ತಿನಲ್ಲೂ ಅತಿ ಉಪ್ಪಿನ ಘಟ್ಟವನ್ನು ಹಾದುಬರಬೇಕಾಗುತ್ತದೆ. ಇದಕ್ಕೆ ಅಪವಾದಗಳಿವೆ, ಅವು ನಿಜಕ್ಕೂ ಸೊಗಸಾಗಿವೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ನೆಲಕ್ಕೆ ಹಬ್ಬುವ ಸೆಸುವಿಯಂ ದಪ್ಪ ಎಲೆಯ ಗಿಡವೇ, ಆದರೆ ಅದು ಉಪ್ಪುನೀರಿನಲ್ಲೇ ಸುಖವಾಗಿರುತ್ತದೆ. ದಕ್ಷಿಣ ಆಫ್ರಿಕಾದ ಐಸ್‌ಪ್ಲಾಂಟ್ ಉಪ್ಪು ತಗುಲಿದಾಗಲೇ ರಾತ್ರಿ ಉಸಿರಾಡುವ ಕ್ರಮಕ್ಕೆ ಹೊರಳುತ್ತದೆ. ಎಲೆ ದಪ್ಪವಾಗಿರುವ ಗಿಡಗಳೆಲ್ಲ ಒಂದೇ ಕುಲವಲ್ಲ, ಒಂದೇ ಸ್ವಭಾವವೂ ಅಲ್ಲ. ಬಾಲ್ಕನಿಗೆ ಬರುವ ಎಚೆವೇರಿಯಾ, ಹಾವರ್ಥಿಯಾ, ಲಿಥಾಪ್ಸ್, ಮ್ಯಾಮಿಲೇರಿಯಾಗಳು ಈ ಉಪ್ಪುಪ್ರಿಯರ ಸಾಲಿಗೆ ಸೇರುವುದಿಲ್ಲ.

ಇದಕ್ಕೆ ತಿಳಿದವರಿಂದಲೇ ಬರುವ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೆಕ್ಸಿಕೊದ ಎಷ್ಟೋ ಕಳ್ಳಿಗಳು ಸುಣ್ಣಕಲ್ಲಿನ ಬೆಟ್ಟಗಳಲ್ಲೇ ಹುಟ್ಟಿದಂಥವು. ಅರಿಯೊಕಾರ್ಪಸ್ ಸುಣ್ಣದ ಬಯಲಿನಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಅಜ್ಟೇಕಿಯಂ ಸುಣ್ಣಕಲ್ಲಿನ ಮತ್ತು ಜಿಪ್ಸಂನ ಬಂಡೆಗೋಡೆಗಳ ಬಿರುಕಿನಲ್ಲಿ ನೇತಾಡುತ್ತದೆ. ಸುಣ್ಣದಲ್ಲೇ ಹುಟ್ಟಿದ ಗಿಡಕ್ಕೆ ಸುಣ್ಣದ ನೀರು ಹೇಗೆ ಕೆಡುಕಾದೀತು? ಉತ್ತರ ಕಲ್ಲು ಮತ್ತು ನೀರಿನ ನಡುವಣ ವ್ಯತ್ಯಾಸದಲ್ಲಿದೆ. ಸುಣ್ಣಕಲ್ಲು ನೀರಿನಲ್ಲಿ ಬಲು ನಿಧಾನಕ್ಕೆ, ಬಲು ಕಡಿಮೆ ಕರಗುತ್ತದೆ. ಅದರ ಮೇಲೆ ಬೀಳುವುದು ಮಳೆನೀರು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ತುಸು ಹುಳಿಯಾದ, ಪಿಎಚ್ ಸುಮಾರು 5.6 ಇರುವ, ಲವಣವೇ ಇಲ್ಲವೆನ್ನಬಹುದಾದ ನೀರು. ಅದು ಬಿದ್ದು, ಬೇರನ್ನು ತೊಳೆದು, ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಅಲ್ಲಿ ಸುಣ್ಣ ನಿಂತಲ್ಲೇ ಇರುವ ನೆಲ. ಇಲ್ಲಿ ಪ್ರತಿ ಚೊಂಬಿನ ಜೊತೆ ಹೊಸದಾಗಿ ಬಂದು ಸೇರುವ ಸರಕು, ಹೊರಹೋಗಲು ದಾರಿಯಿಲ್ಲದ್ದು. ಜೊತೆಗೆ ಬೋರ್ ನೀರಿನಲ್ಲಿ ಸೋಡಿಯಂ, ಕ್ಲೋರೈಡ್‌ಗಳೂ ಬರುತ್ತವೆ; ಮೆಕ್ಸಿಕೊದ ಬೆಟ್ಟದ ಇಳಿಜಾರಿನಲ್ಲಿ ಅವು ನಿಲ್ಲುವುದಿಲ್ಲ. ಮುಖ್ಯವಾಗಿ, ಮನೆಗಳಲ್ಲಿರುವ ಗಿಡಗಳೆಲ್ಲ ಸುಣ್ಣಕಲ್ಲಿನ ಸಂತಾನವಲ್ಲ. ಕನ್ನಡಿಗರ ಮನೆಯಂಗಳದಲ್ಲಿ ಬ್ರಹ್ಮಕಮಲ ಎಂದು ಕರೆಸಿಕೊಂಡು ನಡುರಾತ್ರಿ ಅರಳುವ ಗಿಡ ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವ ಕಳ್ಳಿ. ಅದು ತನ್ನ ತವರಿನಲ್ಲಿ ಕಂಡಿರುವುದು ಎಲೆಗಳಿಂದ ತೊಟ್ಟಿಕ್ಕುವ ಮಳೆನೀರನ್ನು ಮಾತ್ರ.

ಇನ್ನು ನಮ್ಮ ನೀರುಗಳ ಕಡೆ ಬರೋಣ. ಬೆಂಗಳೂರು ನಿಂತಿರುವುದು ನೈಸ್ ಮತ್ತು ಗ್ರಾನೈಟ್ ಶಿಲೆಯ ಮೇಲೆ. ಲಾಲ್‌ಬಾಗ್‌ನ ಬಂಡೆ ಅದೇ ಶಿಲೆಯ ಹೊರಗೆ ಕಾಣುವ ತುಣುಕು. ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳಲ್ಲಿ ಬರುವ ನೀರು ಆ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಸೋಡಿಯಂ, ಬೈಕಾರ್ಬನೇಟ್‌ಗಳನ್ನು ಕರಗಿಸಿಕೊಂಡಿರುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ನೂರು ಕಿಲೋಮೀಟರ್ ದೂರದಿಂದ ಏರಿಸಿ ತರುವ ಕಾವೇರಿ ನೀರು ಹೊಳೆಯ ನೀರಾದ್ದರಿಂದ ಇದಕ್ಕಿಂತ ಬಹಳ ಮೃದು. ಗಿಡದ ದೃಷ್ಟಿಯಿಂದ ಎರಡರ ನಡುವೆ ಆಯ್ಕೆ ಸುಲಭ. ಅದರಲ್ಲಿರುವ ಕ್ಲೋರಿನ್ನಿಗೆ ಹೆದರಬೇಕಾದ್ದಿಲ್ಲ. ನಲ್ಲಿಯಲ್ಲಿ ಉಳಿಯುವ ಅಲ್ಪ ಪ್ರಮಾಣ ಮಣ್ಣು ಮುಟ್ಟಿದೊಡನೆ ಕಳೆದುಹೋಗುತ್ತದೆ. ನೀರನ್ನು ರಾತ್ರಿಯಿಡೀ ತೆರೆದಿಡುವುದರಿಂದ ಹೋಗುವುದು ಆ ಕ್ಲೋರಿನ್ ಮಾತ್ರ, ಗಡಸುತನವಾಗಲೀ ಉಪ್ಪಾಗಲೀ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಬೆಂಗಳೂರಿನ ಈ ಲೆಕ್ಕವನ್ನು ಇಡೀ ಕರ್ನಾಟಕಕ್ಕೆ ಹೊಂದಿಸಬಾರದು ಎಂಬ ಮಾತನ್ನೂ ಇಲ್ಲೇ ಹೇಳಬೇಕು. ದಕ್ಷಿಣ ಕನ್ನಡ, ಉಡುಪಿಗಳ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ತುಸು ಹುಳಿ. ಅಲ್ಲಿಯ ಬಾವಿ ನೀರನ್ನು ನೇರವಾಗಿ ಹಾಕಬಹುದು, ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿಗೆ ಉಪ್ಪು ನುಗ್ಗಿದಾಗ ಮಾತ್ರ ಜೋಪಾನ. ಕಲಬುರಗಿಯ ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣಕಲ್ಲು. ಅಲ್ಲಿಯ ನೀರು ಬೆಂಗಳೂರಿನದಕ್ಕಿಂತಲೂ ಕಠಿಣ. ಮಂಗಳೂರಿನ ಅನುಭವಿ ಕೊಟ್ಟ ಸಲಹೆ ಸೇಡಂನಲ್ಲಿ ಗಿಡ ಕೆಡಿಸಬಹುದು, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ.

ಯಂತ್ರದಿಂದ ಹೊರಬರುವ ನೀರುಗಳ ವಿಷಯದಲ್ಲಿ ಹೆಸರುಗಳೇ ದಾರಿ ತಪ್ಪಿಸುತ್ತವೆ. ಸಾಫ್ಟ್‌ನರ್ ನೀರನ್ನು ಮೃದು ಮಾಡುತ್ತದೆ ಎಂಬುದು ಸಾಬೂನಿನ ಮಟ್ಟಿಗೆ ನಿಜ. ಅದು ಮಾಡುವ ಕೆಲಸ ಅದಲುಬದಲು: ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಅದರ ತೊಟ್ಟಿಗೆ ಮೂಟೆಗಟ್ಟಲೆ ಉಪ್ಪು ಸುರಿಯುವುದು ಇದಕ್ಕಾಗಿಯೇ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದಾಗ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ; ಗಡಸುತನ 400 ಇದ್ದರೆ 184 ಮಿಲಿಗ್ರಾಂ. ಬೈಕಾರ್ಬನೇಟ್ ಇದ್ದಷ್ಟೇ ಇರುತ್ತದೆ. ಅಂದರೆ ಗಿಡಕ್ಕೆ ಉಪಯೋಗವಿದ್ದ ಕ್ಯಾಲ್ಸಿಯಂ ಹೋಗಿ, ಅಪಾಯದ ಎರಡೂ ಉಳಿದುಕೊಂಡ ನೀರು ಇದು. ಇದಕ್ಕಿಂತ ಹಸಿ ಬೋರ್ ನೀರೇ ಮೇಲು ಎಂದು ನಿಸ್ಸಂಶಯವಾಗಿ ಹೇಳಬಹುದು. ಆರ್‌ಒ ಯಂತ್ರ ಬಿಡುವ ನೀರಿನದು ಇನ್ನೊಂದು ಕತೆ. ನೀರು ಪೋಲಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಅದನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕುವ ಮನೆಗಳು ಬಹಳ. ನಾಲ್ಕು ಲೀಟರ್ ಒಳಹೋಗಿ ಒಂದು ಲೀಟರ್ ಕುಡಿಯುವ ನೀರು ಬರುವ ಯಂತ್ರಕ್ಕೆ ಲೀಟರಿಗೆ 600 ಮಿಲಿಗ್ರಾಂ ಲವಣವಿರುವ ನೀರು ಕೊಟ್ಟರೆ, ಹೊರಗೆ ಬೀಳುವ ಮೂರು ಲೀಟರಿನಲ್ಲಿ ಅದು 780ರ ಆಸುಪಾಸಿಗೆ ಏರಿರುತ್ತದೆ. ನೆಲ ಒರೆಸಲು, ಬಟ್ಟೆ ನೆನೆಸಲು, ನೆಲದಲ್ಲಿ ಬೇರೂರಿದ ತೆಂಗಿಗೆ ಅದು ಆಗಬಹುದು. ಸಕ್ಯುಲೆಂಟ್ ಕುಂಡಕ್ಕೆ ಸಲ್ಲದು. ಕುಡಿಯುವ ಕಡೆಯಿಂದ ಬರುವ ಆರ್‌ಒ ನೀರು ಗಿಡಕ್ಕೆ ಚೆನ್ನಾಗಿ ಒಗ್ಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೀಟರಿಗೆ ಮೂರು ಲೀಟರ್ ಹೊರಚೆಲ್ಲಿ ಪಡೆದ ನೀರನ್ನು ಅಲಂಕಾರದ ಕುಂಡಕ್ಕೆ ಹಾಕುವುದು ಈ ನಗರದಲ್ಲಿ ಸಮರ್ಥಿಸಿಕೊಳ್ಳುವಂಥದ್ದಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನೇ ನಿಷೇಧಿಸಿ 5000 ರೂಪಾಯಿ ದಂಡ ವಿಧಿಸಿದ್ದು ಎಲ್ಲರಿಗೂ ನೆನಪಿರಬೇಕು.

ಕೊಳಚೆ ಶುದ್ಧೀಕರಣ ಘಟಕದ ನೀರು ಹುಲ್ಲುಹಾಸಿಗೆ, ಮರಗಳಿಗೆ ಸರಿ. ಆ ಘಟಕ ಕೊಳೆಯುವ ವಸ್ತುಗಳನ್ನು ತೆಗೆಯುತ್ತದೆ, ಸೋಪಿನ ಪುಡಿಯಿಂದ ಬಂದ ಸೋಡಿಯಂ ಅನ್ನು ತೆಗೆಯುವುದಿಲ್ಲ. ಅಕ್ಕಚ್ಚು, ಬೇಳೆ ತೊಳೆದ ನೀರುಗಳಲ್ಲಿ ಉಪ್ಪಿನ ಭಯವಿಲ್ಲ; ಆದರೆ ಗಂಜಿಯ ಅಂಶ ನಿಧಾನವಾಗಿ ಆರುವ ಪುಟ್ಟ ಕುಂಡದಲ್ಲಿ ಹುಳಿತು ಬೂಷ್ಟು, ಗುಂಗಾಡುಗಳನ್ನು ಕರೆತರುತ್ತದೆ. ಕರಿಬೇವಿನ ಗಿಡಕ್ಕೆ ಹಾಕಿ. ಏಸಿಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಣಿದು ಬಂದದ್ದಾದ್ದರಿಂದ ಲವಣರಹಿತ, ಬಳಸಲು ಅಡ್ಡಿಯಿಲ್ಲ. ಸೆಕೆ ಹೆಚ್ಚಿರುವ ಊರುಗಳಲ್ಲಿ ದಿನಕ್ಕೆ ಕೆಲವು ಲೀಟರ್ ಸಿಗುವುದುಂಟು. ಹೊಸದಾಗಿ ಏಸಿ ತೊಳೆಸಿದ್ದರೆ ಮೊದಲ ಎರಡು ಮೂರು ದಿನದ್ದನ್ನು ಬಿಟ್ಟುಬಿಡುವುದು ಕ್ಷೇಮ.

ನೀರಿಗೆ ಹುಳಿ ಬೆರೆಸುವ ಸಲಹೆ ಬಹಳ ಜನಪ್ರಿಯವಾದದ್ದು, ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಿಎಚ್ ಪಟ್ಟಿಯನ್ನು ಅದ್ದಿ, ಪಿಎಚ್ 8 ಬಂತೆಂದು ಗಾಬರಿಯಾಗಿ ನಾಲ್ಕು ಹನಿ ನಿಂಬೆರಸ ಹಿಂಡುವುದು ರೂಢಿ. ಆದರೆ ಪಿಎಚ್ ಹೇಳುವುದು ಆ ಕ್ಷಣದ ಸ್ಥಿತಿ. ಹಿಂದಿರುವ ದಾಸ್ತಾನನ್ನು ಹೇಳುವುದು ಕ್ಷಾರತೆ. ಎರಡು ನೀರುಗಳ ಪಿಎಚ್ ಒಂದೇ 8 ಇದ್ದು, ಒಂದರ ಕ್ಷಾರತೆ 50, ಇನ್ನೊಂದರದು 300 ಇರಬಹುದು. ಮೊದಲನೆಯದು ನಾಲ್ಕು ಹನಿಗೆ ಇಳಿಯುತ್ತದೆ, ಕುಂಡಕ್ಕೂ ಹಾನಿ ಮಾಡುವುದಿಲ್ಲ. ಎರಡನೆಯದಕ್ಕೆ ಹತ್ತು ಲೀಟರಿಗೆ ಸುಮಾರು ನಾಲ್ಕು ಗ್ರಾಂ ಸಿಟ್ರಿಕ್ ಆಮ್ಲ ಬೇಕಾಗುತ್ತದೆ. ಅಷ್ಟು ಹಾಕಿದರೂ ಸಿಗುವುದು ತಾತ್ಕಾಲಿಕ ಲಾಭ. ಬೈಕಾರ್ಬನೇಟ್ ಹೋಗಿ ಅದರ ಜಾಗಕ್ಕೆ ಸಿಟ್ರೇಟ್ ಬರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಆ ಸಿಟ್ರೇಟನ್ನು ತಿಂದು ಮತ್ತೆ ಬೈಕಾರ್ಬನೇಟನ್ನೇ ಬಿಡುತ್ತವೆ. ಮೂತ್ರವನ್ನು ಕ್ಷಾರೀಯಗೊಳಿಸಲು ವೈದ್ಯರು ಸಿಟ್ರೇಟ್ ಔಷಧ ಕೊಡುವುದು ಇದೇ ರಸಾಯನದ ಬಲದಿಂದ: ದೇಹದಲ್ಲಿ ಸಿಟ್ರೇಟ್ ಉರಿದು ಬೈಕಾರ್ಬನೇಟ್ ಆಗುತ್ತದೆ. ವಿನಿಗರ್‌ನ ಗತಿಯೂ ಇದೇ. ಹೀಗಾಗಿ ನಿಂಬೆ, ವಿನಿಗರ್‌ಗಳಿಂದ ಎಲೆಯ ಮೇಲೆ ಬಿಳಿ ಕಲೆ ಬೀಳುವುದು ತಪ್ಪೀತು, ಕುಂಡದ ಸುಣ್ಣದ ಲೆಕ್ಕ ತೀರುವುದಿಲ್ಲ. ದೊಡ್ಡ ಹಸಿರುಮನೆಗಳು ಗಂಧಕಾಮ್ಲ, ರಂಜಕಾಮ್ಲಗಳನ್ನು ಅಳತೆ ಮಾಡಿ ಸೇರಿಸುತ್ತವೆ. ಅವು ಸೂಕ್ಷ್ಮಜೀವಿಗಳಿಂದ ಕರಗುವಂಥವಲ್ಲ, ಹಾಗಾಗಿ ಪರಿಣಾಮ ನಿಲ್ಲುತ್ತದೆ. ಆದರೆ ಮಕ್ಕಳಿರುವ ಮನೆಯಲ್ಲಿ ಆ ಆಮ್ಲಗಳನ್ನು ಇಟ್ಟುಕೊಳ್ಳಿ ಎಂದು ಯಾರೂ ಹೇಳಬಾರದು. ಬೋರ್ ನೀರೊಂದೇ ಗತಿ ಎನ್ನುವವರಿಗೆ ಇರುವ ಸುರಕ್ಷಿತ ದಾರಿ ಬೆರಕೆ: ಕ್ಷಾರತೆ 300ರ ನೀರಿಗೆ ಸಮಪಾಲು ಮಳೆನೀರು ಸೇರಿಸಿದರೆ ಅದು 150ಕ್ಕೆ ಇಳಿಯುತ್ತದೆ. ಕುಂಡ ಚಿಕ್ಕದಾದಷ್ಟೂ ತಾಳಿಕೆ ಕಡಿಮೆಯಾದ್ದರಿಂದ, ಎರಡು ಮೂರು ಇಂಚಿನ ಕುಂಡಗಳಿಗೆ 100ರ ಒಳಗಿದ್ದರೆ ಇನ್ನೂ ಒಳ್ಳೆಯದು. ಕುದಿಸಿ ಆರಿಸಿ ತಿಳಿಯನ್ನಷ್ಟೇ ಬಳಸಿದರೂ ಸುಣ್ಣದ ಪಾಲು ಇಳಿಯುತ್ತದೆ, ಸೋಡಿಯಂ ಇಳಿಯುವುದಿಲ್ಲ, ಗ್ಯಾಸ್ ಖರ್ಚು ಬೇರೆ. ಅಳೆಯಬೇಕೆನ್ನುವವರು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕೆಎಚ್ ಪರೀಕ್ಷೆಯ ಹನಿಸೀಸೆ ತರಬಹುದು. ಅದರ ಒಂದು ಅಂಕಕ್ಕೆ 17.9 ಮಿಲಿಗ್ರಾಂ ಲೆಕ್ಕ. ಎಲ್ಲರ ಕೈಯಲ್ಲೂ ಇರುವ ಟಿಡಿಎಸ್ ಪೆನ್ ಒಟ್ಟು ಲವಣ ಎಷ್ಟೆಂದು ಹೇಳುತ್ತದೆಯೇ ಹೊರತು ಯಾವುದು ಎಷ್ಟೆಂದು ಹೇಳದು. ಸಾಫ್ಟ್‌ನರ್‌ಗೆ ಮೊದಲೂ ನಂತರವೂ ಅದು ಹೆಚ್ಚುಕಡಿಮೆ ಒಂದೇ ಅಂಕ ತೋರಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಇನ್ನೆರಡು ಆಕ್ಷೇಪಗಳು ಉಳಿಯುತ್ತವೆ. ಸಕ್ಯುಲೆಂಟ್‌ಗಳು ಸಾಯುವುದು ಅತಿನೀರಿನಿಂದ, ಕೆಟ್ಟ ನೀರಿನಿಂದಲ್ಲ. ಗುಣದ ಚಿಂತೆ ಬಿಟ್ಟು ಪ್ರಮಾಣ ನೋಡಿ ಎಂಬುದು ಒಂದು. ಸಾವಿನ ಕಾರಣಗಳಲ್ಲಿ ಕೊಳೆತಕ್ಕೇ ಮೊದಲ ಸ್ಥಾನ ಎಂಬುದನ್ನು ಒಪ್ಪಬೇಕು. ಆದರೆ ಈ ಎರಡು ಬೇರೆ ಬೇರೆ ಸಂಗತಿಗಳಲ್ಲ. ಉಪ್ಪಿನಿಂದ ಬೇರಿನ ತುದಿ ಸುಟ್ಟ ಗಿಡ ನೀರು ಹೀರಲಾರದೆ ಎಲೆ ಸುಕ್ಕುಗಟ್ಟಿಸಿಕೊಳ್ಳುತ್ತದೆ; ನೋಡಿದವರು ಬಾಯಾರಿಕೆ ಎಂದು ತಿಳಿದು ಇನ್ನಷ್ಟು ನೀರು ಹಾಕುತ್ತಾರೆ; ಕೆಲಸ ಮಾಡದ ಬೇರಿನ ಸುತ್ತ ತೇವ ನಿಂತು ಕೊಳೆ ಶುರುವಾಗುತ್ತದೆ. ಅತಿನೀರಿನ ಖಾತೆಗೆ ಬರೆದ ಸಾವುಗಳಲ್ಲಿ ಒಂದಷ್ಟು ಹೀಗೆ ಶುರುವಾದವೇ. ಎರಡನೆಯ ಆಕ್ಷೇಪ: ಹತ್ತು ವರ್ಷದಿಂದ ಬೋರ್ ನೀರೇ ಹಾಕುತ್ತಿದ್ದೇವೆ, ಗಿಡಗಳು ಚೆನ್ನಾಗಿಯೇ ಇವೆ ಎಂಬುದು. ಇದೂ ಸುಳ್ಳಲ್ಲ. ಅಂಥ ಗಿಡಗಳು ಎಲ್ಲಿವೆ ಎಂದು ನೋಡಿದರೆ ಹೆಚ್ಚಾಗಿ ತೆರೆದ ತಾರಸಿಯ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಅವುಗಳ ಕುಂಡವನ್ನು ವರ್ಷಕ್ಕೊಮ್ಮೆ ಚೆನ್ನಾಗಿ ತೊಳೆದುಕೊಡುತ್ತದೆ. ಅದೇ ಬೋರ್ ನೀರು ಕುಡಿದ, ಸಜ್ಜೆಯ ಕೆಳಗಿನ ಇಲ್ಲವೇ ಕಿಟಕಿಯ ಒಳಗಿನ ಗಿಡಕ್ಕೆ ಆ ಭಾಗ್ಯವಿಲ್ಲ. ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿಗಳ ತಾಳಿಕೆಯೂ ಎಚೆವೇರಿಯಾದ ತಾಳಿಕೆಯೂ ಒಂದೇ ಅಲ್ಲ ಎಂಬುದನ್ನೂ ಇದಕ್ಕೆ ಸೇರಿಸಬೇಕು. ತಾರಸಿಯ ಅನುಭವ ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯಂತೆ ಕಂಡರೂ, ತೊಳೆದುಹೋಗುವುದೇ ಮುಖ್ಯ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇನ್ನೊಂದಿಲ್ಲ.

ಹಾಗಾದರೆ ಮಳೆನೀರೇ ಸರಿ ಎಂದಾಯಿತು. ಮಳೆನೀರಿನಲ್ಲಿ ಪೋಷಕಾಂಶವೇ ಇಲ್ಲವಲ್ಲ ಎನ್ನುವವರಿಗೆ ಹೇಳಬೇಕಾದ್ದು, ಪೋಷಣೆ ಗೊಬ್ಬರದ ಕೆಲಸ, ನೀರಿನದಲ್ಲ. ಒಂದು ಕೊರತೆಯನ್ನು ಮಾತ್ರ ಒಪ್ಪಬೇಕು. ನಮ್ಮಲ್ಲಿ ಮಿಶ್ರಣಕ್ಕೆ ಹೆಚ್ಚಾಗಿ ಬಳಸುವುದು ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್. ಅದರಲ್ಲಿ ಪೊಟ್ಯಾಷಿಯಂ, ಸೋಡಿಯಂ ಸಹಜವಾಗಿಯೇ ಇದ್ದು, ಹೊರಗಿನಿಂದ ಬಂದ ಕ್ಯಾಲ್ಸಿಯಂ ಅನ್ನು ಅದು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಮಳೆನೀರಿನಲ್ಲಿ ಬೆಳೆಸಿದರೆ ಕ್ಯಾಲ್ಸಿಯಂ ಕಡಿಮೆ ಬೀಳಬಹುದು. ಆದ್ದರಿಂದ ಕೊಕೊಪೀಟ್ ಹೆಚ್ಚಿರುವ ಕುಂಡಕ್ಕೆ ಆಗೊಮ್ಮೆ ಈಗೊಮ್ಮೆ ಕಾವೇರಿ ನೀರನ್ನೋ ಕಾಲುಪಾಲು ಬೋರ್ ನೀರು ಬೆರೆತ ಮಳೆನೀರನ್ನೋ ಹಾಕುವುದು ಒಳ್ಳೆಯದೇ. ಸುಣ್ಣ ವೈರಿಯಲ್ಲ, ಅದರ ರಾಶಿ ಬೀಳುವುದು ಕೆಡುಕು. ಮಳೆನೀರಿನ ಹೆಸರಿನಲ್ಲಿ ಸಿಮೆಂಟ್ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನಿಂತ ನೀರನ್ನು ಬಳಸುವುದೂ ಉಂಟು. ಹೊಸ ಸಿಮೆಂಟ್ ಆ ಮೃದು ನೀರಿಗೆ ಸುಣ್ಣ ಬಿಟ್ಟು ಅದನ್ನು ಬೋರ್ ನೀರಿಗಿಂತ ಕ್ಷಾರೀಯ ಮಾಡಬಲ್ಲದು. ಪ್ಲಾಸ್ಟಿಕ್ ಡ್ರಮ್ ಲೇಸು.

ಎಷ್ಟು ಬೇಕು ಎಂಬ ಲೆಕ್ಕ ಹಾಕಿದರೆ ಈ ಪ್ರಶ್ನೆ ಅರ್ಧ ಹಗುರವಾಗುತ್ತದೆ. ಕುಂಡಕ್ಕೆ ವರ್ಷಕ್ಕೆ 6 ಲೀಟರಿನಂತೆ 50 ಕುಂಡಕ್ಕೆ 300 ಲೀಟರ್. ಹತ್ತು ಚದರ ಮೀಟರ್ ಚಾವಣಿಯ ಮೇಲೆ 30 ಮಿಲಿಮೀಟರ್ ಮಳೆ ಬಿದ್ದರೆ 300 ಲೀಟರ್. ಬೆಂಗಳೂರಿಗೆ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂದರೆ ಒಬ್ಬ ಗಿಡಪ್ರಿಯರ ಇಡೀ ವರ್ಷದ ಅಗತ್ಯ ಒಂದು ಜೋರು ಮಳೆಯ, ಒಂದು ಸಣ್ಣ ಚಾವಣಿಯ ಮಾತು. ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲನ್ನು ಕಾನೂನು ಕಡ್ಡಾಯ ಮಾಡಿದ್ದು 2009ರಲ್ಲಿ. ಕೊಳವೆಗಳು ಎಷ್ಟೋ ಕಟ್ಟಡಗಳಲ್ಲಿ ಈಗಾಗಲೇ ಇವೆ, ಆ ನೀರು ಇಂಗುಗುಂಡಿಗೆ ಹೋಗುತ್ತಿದೆ. ಸಂಘದವರನ್ನು ಕೇಳಿ ಆ ಕೊಳವೆಗೊಂದು ನಲ್ಲಿ ಹಾಕಿಸಿಕೊಂಡರೆ ತಾರಸಿಯಿಲ್ಲದ ಫ್ಲ್ಯಾಟಿನವರಿಗೂ ದಾರಿ ಆಯಿತು. ಮೊದಲ ಮಳೆಯಲ್ಲಿ ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಇರುತ್ತದೆ; ಅದು ಹರಿದುಹೋಗಲಿ. ಡ್ರಮ್ಮಿಗೆ ಬಿಗಿಯಾದ ಮುಚ್ಚಳ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ, ಬಿಸಿಲು ತಾಗದ ಮೂಲೆ ಇಷ್ಟಿದ್ದರೆ ಪಾಚಿ ಕಟ್ಟದೆ ಬೇಸಿಗೆಯವರೆಗೂ ನಿಲ್ಲುತ್ತದೆ. ನೀರು ಯಾವುದಾದರೂ, ಹಾಕುವಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಪೂರ್ತಿ ಆರಿದ ಮೇಲೆಯೇ ಮತ್ತೆ ಹಾಕಿ. ಬಿಸಿಲು ಗಾಳಿ ಚೆನ್ನಾಗಿರುವ ದಿನ ನೋಡಿ ವರ್ಷಕ್ಕೆರಡು ಸಲ ಕುಂಡದ ಗಾತ್ರದ ಎರಡರಷ್ಟು ನೀರು ಹಾಯಿಸಿ ತೊಳೆಯಿರಿ. ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಿ. ಹಳೇ ಗೋಡೆಯ ಇಟ್ಟಿಗೆ ಚೂರು ಬಳಸುವುದಾದರೆ ಗಾರೆ ಅಂಟಿಲ್ಲದ್ದನ್ನು ಆರಿಸಿಕೊಳ್ಳಿ. ಎಚೆವೇರಿಯಾದ ಎಲೆಯ ಮೇಲಿನ ಬೂದಿಬಣ್ಣದ ಮೇಣದ ಪುಡಿ ಒಮ್ಮೆ ಅಳಿಸಿದರೆ ಆ ಎಲೆಗೆ ಮರಳಿ ಬರುವುದಿಲ್ಲ, ಹಾಗಾಗಿ ಬಿಳಿ ಕಲೆ ಬಿತ್ತೆಂದು ಉಜ್ಜಬೇಡಿ. ನೀರನ್ನು ಬುಡಕ್ಕೇ ಹಾಕಿ.

ಸಾಲಿನಲ್ಲಿ ಹೇಳುವುದಾದರೆ ಮಳೆನೀರು ಮೊದಲು, ಆಮೇಲೆ ಏಸಿ ನೀರು ಮತ್ತು ಕರಾವಳಿಯ ಬಾವಿ ನೀರು, ಆಮೇಲೆ ಕಾವೇರಿ, ಅದೂ ಇಲ್ಲದಿದ್ದರೆ ಬೆರಕೆ ಮಾಡಿದ ಬೋರ್ ನೀರು. ಸಾಫ್ಟ್‌ನರ್ ನೀರು, ಆರ್‌ಒ ಹೊರಬಿಟ್ಟ ನೀರುಗಳನ್ನು ಸಕ್ಯುಲೆಂಟ್ ಕುಂಡದ ಹತ್ತಿರ ತರಬೇಡಿ. ಮುಂಗಾರು ಶುರುವಾಗುವ ಮೊದಲು 200 ಲೀಟರಿನ ಒಂದು ಡ್ರಮ್ ತಂದು ತೊಳೆದು ಕೊಳವೆಯ ಕೆಳಗೆ ಇಡಿ.